ಕಾರಿನ ಹಳೇ ಸನ್ ಫಿಲ್ಮ್ ಕೀಳುವಾಗ: ಯಾವ ತೊಂದರೆ ಯಾಕೆ ಬರುತ್ತದೆ, ಹೇಗೆ ಸರಿಮಾಡುವುದು

ಸನ್ ಫಿಲ್ಮ್ ಕೀಳುವುದು ಸುಲಭ, ಅದರ ಗೋಂದು ಕೀಳುವುದು ಕಷ್ಟ. ಈ ಕೆಲಸದಲ್ಲಿ ಕೈಕೊಡುವುದೆಲ್ಲ ಹೆಚ್ಚುಕಡಿಮೆ ಗೋಂದಿನ ಹತ್ತಿರವೇ. ಆದ್ದರಿಂದ ಕೀಳುತ್ತಿರುವಾಗ ಕಣ್ಣು ಫಿಲ್ಮ್ ಮೇಲಿರಬಾರದು, ಫಿಲ್ಮ್ ಬಿಟ್ಟ ಗಾಜಿನ ಮೇಲಿರಬೇಕು. ಗೋಂದು ಫಿಲ್ಮ್ ಜೊತೆಗೇ ಬರುತ್ತಿದೆಯಾ, ಗಾಜಿನಲ್ಲೇ ಕೂತಿದೆಯಾ, ಅರ್ಧ ಅಲ್ಲಿ ಅರ್ಧ ಇಲ್ಲಿ ಆಗುತ್ತಿದೆಯಾ? ಇದನ್ನು ನೋಡಿಕೊಂಡರೆ ತಪ್ಪು ಎಲ್ಲಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಬರುವುದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬೇಡ ಎಂದಿತು. ಅದೇ ಮೇ 4ರಿಂದ ಪೊಲೀಸರು ಗಾಡಿ ನಿಲ್ಲಿಸಿ ಕೀಳಿಸತೊಡಗಿದರು. ಮೋಟಾರು ವಾಹನ ನಿಯಮ ಕೇಳುವುದು ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ. 50 ಬೆಳಕು ಒಳಗೆ ಬರಬೇಕು ಎಂದು. ಈ ಮಿತಿಯೊಳಗಿನ ಫಿಲ್ಮ್ ಹಾಕಬಹುದು ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದೂ ಇದೆ. ಆದರೆ ನೇರಳೆ ಬಣ್ಣಕ್ಕೆ ತಿರುಗಿ, ಗುಳ್ಳೆ ಎದ್ದು, ರಾತ್ರಿ ಸೈಡ್ ಮಿರರ್ ಕೂಡ ಕಾಣದಂತೆ ಮಾಡುವ ಹಳೇ ಫಿಲ್ಮನ್ನು ಯಾವ ಕೋರ್ಟೂ ಉಳಿಸುವುದಿಲ್ಲ. ಕೀಳಲೇಬೇಕು.

ಮೊದಲು, ಅದು ಫಿಲ್ಮೇ ಹೌದಾ?

ಪಕ್ಕದ ಗಾಜನ್ನು ಎರಡು ಇಂಚು ಇಳಿಸಿ, ಮೇಲಿನ ಅಂಚನ್ನು ನೋಡಿ. ಫಿಲ್ಮ್ ಇದ್ದರೆ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ಅದರ ಗೆರೆ ಕಾಣುತ್ತದೆ, ಉಗುರಿಗೂ ಸಿಗುತ್ತದೆ. ಗೆರೆಯೇ ಇಲ್ಲದೆ ಗಾಜಿನ ದಪ್ಪಕ್ಕೂ ಒಂದೇ ಬಣ್ಣ ಇದ್ದರೆ ಅದು ಕಂಪನಿಯಿಂದಲೇ ಬಂದ ಬಣ್ಣದ ಗಾಜು. ಎಲ್ಲ ಕಿತ್ತ ಮೇಲೂ "ಇನ್ನೂ ಹಸಿರು ಕಾಣ್ತಿದೆ" ಅಂತ ಉಜ್ಜುತ್ತಾ ಕೂರುವವರು ಇದ್ದಾರೆ. ಆ ತಿಳಿಹಸಿರು ಗಾಜಿನದೇ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಮುಂದಿನ ಗಾಜಿನ ಅಂಚಿನಲ್ಲಿ ಗುಳ್ಳೆ ಅಥವಾ ಹಾಲಿನಂಥ ಬಿಳುಪು ಕಂಡರೆ ಉಗುರಿನಿಂದ ಒಳಗೂ ಹೊರಗೂ ತಡವಿ ನೋಡಿ. ಎರಡೂ ಕಡೆ ನುಣುಪಾಗಿದ್ದರೆ ತೊಂದರೆ ಗಾಜಿನ ಒಳಗೇ ಇದೆ. ಮುಂದಿನ ಗಾಜು ಅಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದದ್ದು. ಆ ಬೆಸುಗೆ ಬಿಡುತ್ತಿದೆ ಎಂದರ್ಥ. ಅದನ್ನು ಕೆರೆದು ಸರಿಮಾಡಲು ಆಗುವುದಿಲ್ಲ, ಗಾಜೇ ಬದಲಿಸಬೇಕು.

ಫಿಲ್ಮ್ ಚೂರುಚೂರಾಗಿ ಬರುತ್ತಿದೆ, ಇಲ್ಲವೇ ಗೋಂದು ಎಳೆಎಳೆಯಾಗಿ ಉಳಿಯುತ್ತಿದೆ

ಫಿಲ್ಮ್ ಕೀಳುವುದು ಡ್ರೈಯರ್ ಅಥವಾ ಹಬೆಯ ಶಾಖ ಕೊಟ್ಟು, ಗೋಂದು ಮೆತ್ತಗಾದ ಮೇಲೆ. ಇವೆರಡೂ ಆ ಶಾಖದ ತೊಂದರೆಗಳು, ಆದರೆ ಒಂದಕ್ಕೊಂದು ಉಲ್ಟಾ.

ಎಳೆದ ಕೂಡಲೇ ಫಿಲ್ಮ್ ಹರಿದು ಕೈಯಲ್ಲಿ ಬೆರಳಗಲದ ತುಂಡು ಉಳಿಯುತ್ತಿದೆಯಾ? ಶಾಖ ಸಾಲದು. ಗೋಂದು ಇನ್ನೂ ಗಟ್ಟಿ ಇದೆ, ಬಿಸಿಲಿಗೆ ಸುಟ್ಟ ಪಾಲಿಯೆಸ್ಟರ್ ಹಾಳೆ ಅದಕ್ಕಿಂತ ಬೇಗ ಸೋಲುತ್ತಿದೆ. ಕಿತ್ತ ಕಡೆ ಗೋಂದು ಜೇಡರ ಬಲೆಯ ಹಾಗೆ ಎಳೆ ಬಿಡುತ್ತಾ ಅರ್ಧ ಗಾಜಿಗೆ, ಅರ್ಧ ಫಿಲ್ಮ್‌ಗೆ ಹಂಚಿಹೋಗುತ್ತಿದೆಯಾ? ಶಾಖ ಜಾಸ್ತಿಯಾಗಿ ಗೋಂದು ಅತಿಯಾಗಿ ಕರಗಿದೆ. ಡ್ರೈಯರ್ ಪಕ್ಕಕ್ಕಿಟ್ಟು ಒಂದು ನಿಮಿಷ ಆರಲು ಬಿಡಿ, ಆಮೇಲೆ ಮತ್ತೆ ಎಳೆಯಿರಿ.

ಸರಿಯಾದ ಶಾಖ ಯಾವುದು ಎನ್ನಲು ಥರ್ಮಾಮೀಟರ್ ಬೇಕಿಲ್ಲ. ಹೊರಗಿನಿಂದ ಗಾಜಿನ ಮೇಲೆ ಅಂಗೈ ಇಡಿ. ಒಂದೆರಡು ಸೆಕೆಂಡ್ ಇಟ್ಟುಕೊಳ್ಳಲು ಆಗಬೇಕು, ಅದಕ್ಕಿಂತ ಜಾಸ್ತಿ ಆಗಬಾರದು. ಕೂದಲು ಒಣಗಿಸುವ ಮಾಮೂಲಿ ಡ್ರೈಯರ್‌ನಿಂದ ಇಷ್ಟು ಬಿಸಿ ಬರುತ್ತದೆ, ಸ್ವಲ್ಪ ತಾಳ್ಮೆ ಬೇಕಷ್ಟೇ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದ ಕಾರಾದರೆ ಅರ್ಧ ಕೆಲಸ ಬಿಸಿಲೇ ಮಾಡಿರುತ್ತದೆ. ಬಟ್ಟೆಗೆ ಹಿಡಿಯುವ ಸ್ಟೀಮರ್ ಮನೆಯಲ್ಲಿದ್ದರೆ ನನ್ನ ಆಯ್ಕೆ ಅದೇ. ಹಬೆಯ ಬಿಸಿ ಅಳತೆ ಮೀರುವುದಿಲ್ಲ, ಗಾಜಿನ ಒಂದೇ ಜಾಗ ಕಾದು ಒಡೆಯುವ ಭಯ ಕಡಿಮೆ, ಮೇಲಾಗಿ ತೇವ ಅಂಚಿನಿಂದ ಒಳಗೆ ನುಸುಳಿ ಗೋಂದನ್ನು ಸಡಿಲ ಮಾಡುತ್ತದೆ.

ಗ್ಯಾರೇಜಿನ ಹೀಟ್ ಗನ್ ಹಿಡಿಯುವವರು ಹುಷಾರಾಗಿರಬೇಕು. ಅದರ ಬಾಯಲ್ಲಿ ಬರುವ ಗಾಳಿ 500 ಡಿಗ್ರಿ ಮುಟ್ಟಬಹುದು. ಒಂದೇ ಕಡೆ ಹಿಡಿದರೆ ಮುಂದಿನ ಗಾಜು ಸೀಳು ಬಿಡುತ್ತದೆ, ಗಾಜಿನ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಕರಗುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಎರಚುವುದಂತೂ ಬೇಡವೇ ಬೇಡ.

ಎಳೆಯುವ ರೀತಿಯೂ ಮುಖ್ಯ. ಮೇಲಿನ ಮೂಲೆಯನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಗಾಜಿಗೆ ಹತ್ತಿರವಾಗಿ ನಿಧಾನವಾಗಿ ಕೆಳಗೆ ಎಳೆಯಿರಿ. ನೇರ ಎದೆಯ ಕಡೆಗೆ ಜಗ್ಗಿದರೆ ಹರಿಯುತ್ತದೆ. ಶಾಖ ಯಾವಾಗಲೂ ಫಿಲ್ಮ್ ಬಿಡುತ್ತಿರುವ ಗೆರೆಯ ಮೇಲೇ ಇರಲಿ. ಒಬ್ಬರು ಡ್ರೈಯರ್ ಹಿಡಿದು ಇನ್ನೊಬ್ಬರು ಎಳೆದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಮೇಲಿನ ಪದರ ಬಂತು, ಬಣ್ಣ ಹಾಗೇ ಇದೆ

ಇದನ್ನು ಜನ ಗೋಂದು ಅಂದುಕೊಂಡು ಗಂಟೆಗಟ್ಟಲೆ ಸೋಪು ಹಾಕಿ ಉಜ್ಜುತ್ತಾರೆ, ಏನೂ ಬರುವುದಿಲ್ಲ. ಸನ್ ಫಿಲ್ಮ್ ಒಂದೇ ಹಾಳೆಯಲ್ಲ. ಕಾರಿನೊಳಗಿನ ಕಡೆ ಗೀರು ತಡೆಯುವ ಲೇಪ, ಅದರ ಕೆಳಗೆ ಒಂದು ಪಾಲಿಯೆಸ್ಟರ್ ಹಾಳೆ, ನಡುವೆ ಎರಡನ್ನೂ ಅಂಟಿಸುವ ಗೋಂದು, ಇನ್ನೊಂದು ಹಾಳೆ, ಕೊನೆಗೆ ಗಾಜಿಗೆ ಹಿಡಿಯುವ ಗೋಂದು. ಹಳತಾದಾಗ ನಡುವಿನ ಗೋಂದು ಮೊದಲು ಸೋತರೆ ಮೇಲಿನ ಹಾಳೆ ಮಾತ್ರ ಸಲೀಸಾಗಿ ಬಂದುಬಿಡುತ್ತದೆ. ನೇರಳೆ ತಿರುಗಿದ ಫಿಲ್ಮ್‌ನಲ್ಲಿ ಇದು ಮಾಮೂಲು. ನೇರಳೆ ಬಂದಿದೆ ಅಂದರೆ ಅದು ಬಣ್ಣ ಹಾಕಿದ ಅಗ್ಗದ ಫಿಲ್ಮ್. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಕೆಲವು ಬಣ್ಣಗಳು ಬೇಗ ಹಾರಿಹೋಗಿ ಕೆಂಪು ಕಡೆಯದು ಉಳಿದಿರುತ್ತದೆ.

ಪರೀಕ್ಷೆ ಸುಲಭ. ಉಳಿದದ್ದನ್ನು ಒಣ ಬೆರಳಿನಿಂದ ಮುಟ್ಟಿ. ಪ್ಲಾಸ್ಟಿಕ್ಕಿನ ಹಾಗೆ ನುಣುಪಾಗಿ ಒಣಗಿದ್ದರೆ ಇನ್ನೊಂದು ಹಾಳೆ ಕೂತಿದೆ. ಜಿಗುಟಾಗಿದ್ದರೆ ಗೋಂದು. ಕೆಲವೊಮ್ಮೆ ಹಾಳೆಯ ಮೇಲೇ ನಡುವಿನ ಗೋಂದು ಉಳಿದು ಎರಡೂ ಇರುತ್ತದೆ. ಆಗ ಅಂಚಿನಲ್ಲಿ ಬ್ಲೇಡಿನ ತುದಿ ಒತ್ತಿ ನೋಡಿ: ಹಾಳೆ ಇದ್ದರೆ ಸಿಪ್ಪೆಯಂತೆ ಎದ್ದು ಬರುತ್ತದೆ, ಗೋಂದಾದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ.

ಹಾಳೆ ಇರುವವರೆಗೆ ಸೋಪಿನ ನೀರಿನಿಂದ ಪ್ರಯೋಜನವಿಲ್ಲ. ನೀರು ಪಾಲಿಯೆಸ್ಟರ್ ದಾಟಿ ಒಳಗೆ ಹೋಗುವುದೇ ಇಲ್ಲ. ಹೊಸ ಮೂಲೆ ಎಬ್ಬಿಸಿ, ಮೊದಲಿನಂತೆಯೇ ಶಾಖ ಕೊಟ್ಟು ಎರಡನೇ ಹಾಳೆಯನ್ನೂ ಕೀಳಬೇಕು.

ಅಮೋನಿಯಾ ಹಾಕಿ ಕಪ್ಪು ಪ್ಲಾಸ್ಟಿಕ್ ಮುಚ್ಚಿ ಬಿಸಿಲಲ್ಲಿ ಬಿಡುವ ವಿಧಾನವನ್ನು ಕೆಲವರು ಹೇಳುತ್ತಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಕಾರಿನೊಳಗೆ ಆ ಘಾಟಿಗೆ ಕಣ್ಣು ಮೂಗು ಉರಿಯುತ್ತದೆ, ಕಪ್ಪು ಪ್ಲಾಸ್ಟಿಕ್ಕಿನ ಬಿಸಿಯೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಿರುತ್ತದೆ. ಸೋಪಿನ ನೀರಿನ ಮೇಲೆ ಅದೇ ಪ್ಲಾಸ್ಟಿಕ್ ಮುಚ್ಚಿದರೂ ಬಿಸಿ ಹಾಗೇ ಸಿಗುತ್ತದೆ. ಅಮೋನಿಯಾ ಬಳಸಲೇಬೇಕು ಅನ್ನುವವರು ಬಾಗಿಲು ತೆರೆದಿಡಿ, ಬ್ಲೀಚಿಂಗ್ ದ್ರವವನ್ನು ಅದರ ಹತ್ತಿರಕ್ಕೂ ತರಬೇಡಿ. ಎರಡೂ ಸೇರಿದರೆ ವಿಷಾನಿಲ ಏಳುತ್ತದೆ.

ಗೋಂದು ಮಾತ್ರ ಉಳಿದಿದೆ

ಒದ್ದೆ ಬಟ್ಟೆ ಹತ್ತು ನಿಮಿಷ ಅಂಟಿಸಿಡಿ. ತೆಗೆದಾಗ ಗೋಂದು ಬೆಳ್ಳಗಾಗಿ ಜಾರುವಂತಾಗಿದ್ದರೆ ಅದು ನೀರಿಗೆ ಬಗ್ಗುವ ಗೋಂದು. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರು ಸಾಕು. ಟಿಶ್ಯೂ ಪೇಪರನ್ನೋ ಹಳೇ ಪೇಪರನ್ನೋ ಅದರಲ್ಲಿ ನೆನೆಸಿ ಗಾಜಿಗೆ ಮೆತ್ತಿ, ಅರ್ಧ ಗಂಟೆ ಒಣಗದಂತೆ ನೋಡಿಕೊಳ್ಳಿ. ಆಮೇಲೆ ಹೆರೆದರೆ ಕೆನೆಯಂತೆ ಬರುತ್ತದೆ.

ಹಾಗಾಗದೆ ಹಳದಿಯಾಗಿ, ಗಟ್ಟಿಯಾಗಿ, ನೀರು ಹನಿಹನಿಯಾಗಿ ಜಾರಿಹೋಗುತ್ತಿದ್ದರೆ ದ್ರಾವಕ ಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಶುರುಮಾಡಿ. ಗೋಂದು ಉಬ್ಬಿ ಸಡಿಲವಾಗುತ್ತದೆ, ಒಳಗಿನ ಪ್ಲಾಸ್ಟಿಕ್‌ಗೂ ಹೆಚ್ಚು ತೊಂದರೆಯಿಲ್ಲ. ಅದಕ್ಕೂ ಬಗ್ಗದಿದ್ದರೆ ಡಬ್ಲ್ಯೂಡಿ-40 ಅಥವಾ ಸೀಮೆಎಣ್ಣೆ. ಸೀಮೆಎಣ್ಣೆ ಈಗ ಸಿಗುವುದೇ ಅಪರೂಪ, ಸಿಕ್ಕರೂ ಎಣ್ಣೆಪಸೆ ಬಿಡುತ್ತದೆ, ಕೊನೆಗೆ ಸೋಪಿನಿಂದ ತೊಳೆಯಲೇಬೇಕು. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಮತ್ತು ಥಿನ್ನರ್ ಕೆಲಸ ಮಾಡುತ್ತವೆ, ಆದರೆ ಒಂದು ಹನಿ ಡೋರ್ ಪ್ಯಾಡಿನ ಮೇಲೆ ಬಿದ್ದರೂ ಕಲೆ ಹೋಗುವುದಿಲ್ಲ. ಬಟ್ಟೆಗೆ ಹಚ್ಚಿ ಬಳಸಿ, ಗಾಜಿಗೆ ಸುರಿಯಬೇಡಿ. ಪೆಟ್ರೋಲ್ ಸಲಹೆ ಕೊಡುವವರ ಮಾತು ಕೇಳಬೇಡಿ. ಮುಚ್ಚಿದ ಕಾರು, ಪೆಟ್ರೋಲ್ ಆವಿ, ಪಕ್ಕದಲ್ಲಿ ಡ್ರೈಯರ್. ಇದಕ್ಕಿಂತ ಹೆಚ್ಚು ಹೇಳಬೇಕಾ? ಇದೇ ಕಾರಣಕ್ಕೆ ಯಾವ ದ್ರಾವಕ ಹಚ್ಚಿದ ಮೇಲೂ ಡ್ರೈಯರ್, ಹೀಟ್ ಗನ್ ಹಿಡಿಯಬೇಡಿ.

ಬ್ಲೇಡು ಹೊಸದಾಗಿರಲಿ, ಗಾಜು ಒದ್ದೆಯಾಗಿರಲಿ, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆದುಕೊಂಡರೆ ಬ್ಲೇಡಿನಡಿ ಸಿಕ್ಕ ಮರಳಿನ ಕಣವೇ ಗೀರು ಹಾಕುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಡ, ಅದರಲ್ಲಿ ಉಜ್ಜುವ ಕಣ ಸೇರಿಸಿರುತ್ತಾರೆ. ಅಂಚಿನ ಕಪ್ಪು ಚುಕ್ಕೆಗಳ ಪಟ್ಟಿಯಲ್ಲಿ ಚುಕ್ಕೆಗಳ ನಡುವೆ ಗೋಂದು ಸಿಕ್ಕಿಕೊಂಡಿರುತ್ತದೆ. ಅಲ್ಲಿ ಬ್ಲೇಡು ಬಿಟ್ಟು ಹಳೇ ಎಟಿಎಂ ಕಾರ್ಡು ಮತ್ತು ಆಲ್ಕೋಹಾಲ್ ಬಳಸಿ.

ಎಲ್ಲ ಮುಗಿದ ಮೇಲೂ ಗಾಜು ಮಬ್ಬು

ಮಬ್ಬಿಗೆ ಮೂರು ಕಾರಣ ಇರಬಹುದು: ಉಳಿದ ಗೋಂದು, ಗೀರು, ಇಲ್ಲವೇ ಹೊರಗಿನ ಉಪ್ಪುನೀರಿನ ಕಲೆ. ಆ ಜಾಗಕ್ಕೆ ನೀರು ಚಿಮುಕಿಸಿ. ಒದ್ದೆಯಿರುವಷ್ಟು ಹೊತ್ತು ಮಬ್ಬು ಮಾಯವಾಗಿ, ಒಣಗಿದಾಗ ಮತ್ತೆ ಬಂದರೆ ಅದು ಸಣ್ಣ ಗೀರುಗಳು, ಇಲ್ಲವೇ ಹೊರಗಿನ ಉಪ್ಪುನೀರಿನ ಕಲೆ. ಒದ್ದೆಯಾದಾಗ ಇನ್ನೂ ಬೆಳ್ಳಗೆ ಎದ್ದು ಕಂಡರೆ ಗೋಂದು. ಬಾಯಿಂದ ಉಸಿರು ಬಿಟ್ಟು ನೋಡುವುದೂ ಒಳ್ಳೆಯ ಉಪಾಯ. ಶುದ್ಧ ಗಾಜಿನ ಮೇಲೆ ಆವಿ ಸಮನಾಗಿ ಕೂತು ಸಮನಾಗಿ ಹೋಗುತ್ತದೆ. ಗೋಂದಿನ ತೆಳು ಪೊರೆ ಇದ್ದಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ.

ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆಯುವ ಊರುಗಳಲ್ಲಿ ಮೂರನೇ ಕಾರಣ ತುಂಬಾ ಸಾಮಾನ್ಯ. ಕಪ್ಪು ಫಿಲ್ಮ್ ಇದ್ದಾಗ ಆ ಕಲೆ ಕಂಡಿರುವುದಿಲ್ಲ, ಕಿತ್ತ ಮೇಲೆ ಇದ್ದಕ್ಕಿದ್ದಂತೆ ಕಂಡು "ಗಾಜು ಹಾಳಾಯ್ತು" ಅನಿಸುತ್ತದೆ. ಹೊರಗಡೆ ಬಿಳಿ ವಿನೆಗರ್ ಹಚ್ಚಿ ಐದು ನಿಮಿಷ ಬಿಡಿ. ಕಲೆ ಮೆದುವಾದರೆ ಅದೇ. ಇಷ್ಟು ಸಣ್ಣ ಪರೀಕ್ಷೆ ಮಾಡದೆ ಒಳಗಿನಿಂದ ಇಡೀ ದಿನ ತಿಕ್ಕುವುದು ಬೇಕಾ?

ಗೀರಾಗಿದ್ದರೆ ಉಗುರಿಗೆ ಸಿಗದಷ್ಟು ಸಣ್ಣದನ್ನು ಸೀರಿಯಂ ಆಕ್ಸೈಡ್ ಪಾಲಿಶ್‌ನಿಂದ ತಗ್ಗಿಸಬಹುದು. ಉಗುರಿಗೆ ತಾಕುವ ಗೀರನ್ನು ಬಿಡುವುದೇ ಒಳ್ಳೆಯದು. ಅಷ್ಟು ಆಳಕ್ಕೆ ಪಾಲಿಶ್ ಮಾಡಿದರೆ ಗಾಜಿನಲ್ಲಿ ತಗ್ಗಾಗಿ ಆಚೆಯದೆಲ್ಲ ಅಲುಗಿದಂತೆ ಕಾಣುತ್ತದೆ. ಮುಂದಿನ ಗಾಜಿನಲ್ಲಿ ಅದು ಅಪಾಯ.

ಹಿಂದಿನ ಗಾಜು

ದುಬಾರಿ ತಪ್ಪುಗಳೆಲ್ಲ ಇಲ್ಲೇ ಆಗುವುದು. ಗಾಜನ್ನು ಬಿಸಿಮಾಡಿ ಮಂಜು ಬಿಡಿಸುವ ಡಿಫಾಗರ್‌ನ ಅಡ್ಡ ಗೆರೆಗಳನ್ನು ಗಾಜಿನ ಒಳಮೈ ಮೇಲೆ ಬೆಳ್ಳಿ ಬೆರೆಸಿದ ಲೇಪದಿಂದ ಬರೆದು ಸುಟ್ಟಿರುತ್ತಾರೆ. ಫಿಲ್ಮ್ ಕೂತಿರುವುದು ಆ ಗೆರೆಗಳ ಮೇಲೆ. ಆದ್ದರಿಂದ ಇಲ್ಲಿ ಬ್ಲೇಡು ಬೇಡ, ಸ್ಟೀಲ್ ನಾರು ಬೇಡ. ಫಿಲ್ಮನ್ನು ಗೆರೆಯ ಜೊತೆಯಲ್ಲೇ, ಅಂದರೆ ಅಡ್ಡಕ್ಕೆ ಎಳೆಯಿರಿ. ಮೇಲಿಂದ ಕೆಳಕ್ಕೆ ಎಳೆದರೆ ಪ್ರತಿ ಗೆರೆಯೂ ಗೋಂದಿನ ಜಗ್ಗಾಟಕ್ಕೆ ಸಿಗುತ್ತದೆ. ಎರಡು ಬದಿಯಲ್ಲಿ ವೈರು ಸಿಕ್ಕಿಸುವ ಲೋಹದ ಟ್ಯಾಬ್ ಇರುತ್ತದೆ. ಅದರ ಸುತ್ತ ಫಿಲ್ಮನ್ನು ಕತ್ತರಿಯಲ್ಲಿ ಕತ್ತರಿಸಿ ಬೇರೆ ಮಾಡಿ, ಆ ತುಂಡನ್ನು ಕೊನೆಗೆ ಹಬೆಯಲ್ಲಿ ತೆಗೆಯಿರಿ.

ಕೆಲಸ ಶುರುಮಾಡುವ ಮೊದಲೇ ಡಿಫಾಗರ್ ಹಾಕಿ ಒಮ್ಮೆ ನೋಡಿಕೊಳ್ಳಿ. ಹಳೇ ಕಾರಿನಲ್ಲಿ ಒಂದೆರಡು ಗೆರೆ ಮೊದಲೇ ಸತ್ತಿರಬಹುದು.

ಕಿತ್ತ ಮೇಲೆ ಮಂಜು ಸರಿಯಾಗಿ ಬಿಡುತ್ತಿಲ್ಲ ಅನ್ನಿ. ಎಂಜಿನ್ ಚಾಲೂ ಮಾಡಿ ಡಿಫಾಗರ್ ಒತ್ತಿ, ಹಬೆ ಕೂತ ಗಾಜನ್ನು ನೋಡಿ. ಒಂದು ಪಟ್ಟಿ ಮಾತ್ರ ಬಿಡದಿದ್ದರೆ ಆ ಒಂದು ಗೆರೆ ಕಡಿದಿದೆ. ಕಡಿದ ಜಾಗ ಹುಡುಕಲು ಮಲ್ಟಿಮೀಟರನ್ನು (ವೋಲ್ಟ್ ಅಳೆಯುವ ಮೀಟರ್) 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ವೈರನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ತಾಗಿಸಿ. ಕೆಂಪು ಮೊನೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಗೆರೆಗೆ ಗೀರು ಬೀಳದಂತೆ ಮುಟ್ಟಿಸಿ. ಚೆನ್ನಾಗಿರುವ ಗೆರೆಯಲ್ಲಿ ಒಂದು ಬದಿಯಿಂದ ಇನ್ನೊಂದಕ್ಕೆ ಹೋದಂತೆ ಸುಮಾರು 12 ವೋಲ್ಟ್‌ನಿಂದ ಸೊನ್ನೆಗೆ ನಿಧಾನವಾಗಿ ಇಳಿಯುತ್ತದೆ, ನಡುವೆ 6ರ ಆಸುಪಾಸು ಇರುತ್ತದೆ. ನಡುವೆಯೇ 12 ತೋರಿಸಿದರೆ ಕಡಿತ ಅರ್ತ್ ಬದಿಯ, ಅಂದರೆ ವೈರು ಕಾರಿನ ಬಾಡಿಗೆ ಸೇರುವ ಬದಿಯ, ಅರ್ಧದಲ್ಲಿದೆ. ನಡುವೆ ಸೊನ್ನೆ ಬಂದರೆ ಕರೆಂಟ್ ಬರುವ ಬದಿಯ ಅರ್ಧದಲ್ಲಿದೆ. ಆ ಕಡೆ ಮೊನೆ ಸರಿಸುತ್ತಾ ಹೋಗಿ, ಅಂಕಿ ಎಲ್ಲಿ ದಿಢೀರನೆ ಹಾರುತ್ತದೋ ಅಲ್ಲೇ ಕಡಿದಿದೆ.

ಯಾವ ಗೆರೆಯೂ ಬಿಸಿಯಾಗದಿದ್ದರೆ ಗೆರೆಗಳನ್ನು ದೂರಬೇಡಿ, ಎರಡು ಬದಿಯ ಟ್ಯಾಬ್‌ಗಳನ್ನು ನೋಡಿ. ಇಡೀ ಗಾಜಿನಲ್ಲಿ, ಎರಡೂ ಬದಿಯಲ್ಲಿ 12 ವೋಲ್ಟ್ ಕಾಣಿಸುತ್ತಿದ್ದರೆ ಅರ್ತ್ ಬದಿಯ ಟ್ಯಾಬ್ ಅಥವಾ ವೈರು ಕಿತ್ತಿದೆ. ಎಲ್ಲ ಕಡೆ ಸೊನ್ನೆ ಇದ್ದರೆ ಕರೆಂಟೇ ಬರುತ್ತಿಲ್ಲ. ಆಗ ಕರೆಂಟ್ ಬದಿಯ ಟ್ಯಾಬ್, ಆಮೇಲೆ ಫ್ಯೂಸ್, ರಿಲೇ ಈ ಕ್ರಮದಲ್ಲಿ ಹುಡುಕಿ. ಡಿಫಾಗರ್ ಎಷ್ಟೋ ಕಾರುಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಅಳೆಯುತ್ತಾ ಕೂತಾಗ ಅದು ಆಫ್ ಆಗಿ ದಾರಿ ತಪ್ಪಿಸುವುದುಂಟು, ಸ್ವಿಚ್ಚಿನ ದೀಪದ ಮೇಲೆ ಕಣ್ಣಿರಲಿ.

ಒಂದು ಇಂಚಿಗಿಂತ ಚಿಕ್ಕ ಕಡಿತವನ್ನು ಬೆಳ್ಳಿಯ ಕಂಡಕ್ಟಿವ್ ಪೇಂಟ್‌ನಿಂದ ಮನೆಯಲ್ಲೇ ಸೇರಿಸಬಹುದು. ಗೆರೆಯ ಮೇಲೂ ಕೆಳಗೂ ಟೇಪ್ ಅಂಟಿಸಿ, ಆಲ್ಕೋಹಾಲ್‌ನಲ್ಲಿ ಒರೆಸಿ, ಕಡಿದ ಎರಡೂ ತುದಿಗಳ ಮೇಲೆ ಸ್ವಲ್ಪ ಹತ್ತುವಂತೆ ಎರಡು ಸಲ ಬಳಿಯಿರಿ. ಒಂದು ದಿನ ಪೂರ್ತಿ ಒಣಗಿದ ಮೇಲೆ ಡಿಫಾಗರ್ ಹಾಕಿ. ಕಳಚಿದ ಟ್ಯಾಬ್‌ಗೆ ಮಾಮೂಲಿ ಫೆವಿಕ್ವಿಕ್ ಹಾಕಿದರೆ ಅಂಟುತ್ತದೆ, ಕರೆಂಟ್ ಹರಿಯುವುದಿಲ್ಲ. ಕರೆಂಟ್ ಹರಿಸುವ ಎಪಾಕ್ಸಿ ಬೇಕು, ಇಲ್ಲವೇ ಕೈ ಪಳಗಿದ ಎಲೆಕ್ಟ್ರಿಷಿಯನ್ ಹತ್ತಿರ ಬೆಸುಗೆ ಹಾಕಿಸಬೇಕು. ಹತ್ತಾರು ಕಡೆ ಕಡಿದಿದ್ದರೆ ಪೇಂಟ್ ಬಳಿಯುತ್ತಾ ಕೂರುವುದು ವ್ಯರ್ಥ.

ಪವರ್ ವಿಂಡೋ ಕಿರುಗುಡುತ್ತದೆ, ಇಲ್ಲವೇ ಅರ್ಧಕ್ಕೆ ಹೋಗಿ ವಾಪಸ್ ಇಳಿಯುತ್ತದೆ

ಫಿಲ್ಮಿನ ಕೆಳ ಅಂಚು ಬಾಗಿಲಿನ ಬೀಡಿಂಗ್ ಒಳಗೆ ಸ್ವಲ್ಪ ಇಳಿದಿರುತ್ತದೆ. ಆ ಪಟ್ಟಿ ಅಥವಾ ಅದರ ಗೋಂದು ಉಳಿದರೆ ಗಾಜು ಇಳಿದಾಗಲೆಲ್ಲ ಬೀಡಿಂಗಿನ ಬಟ್ಟೆಯಂಥ ಅಂಚಿಗೆ ಮೆತ್ತಿಕೊಳ್ಳುತ್ತದೆ. ಗಾಜು ಪೂರ್ತಿ ಇಳಿಸಿ, ಬೀಡಿಂಗನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಕಪ್ಪು ಜಿಗುಟು ಉಂಡೆಗಳು ಕಾಣುತ್ತವೆ. ಕಾರ್ಡಿಗೆ ಬಟ್ಟೆ ಸುತ್ತಿ ಆಲ್ಕೋಹಾಲ್‌ನಲ್ಲಿ ಒರೆಸಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಸ್ವಲ್ಪ ಸಾಕು. ಗ್ರೀಸ್, ಎಂಜಿನ್ ಆಯಿಲ್ ಬೇಡ, ದೂಳು ಕೂತು ಇನ್ನೂ ಕೆಡುತ್ತದೆ.

ಕೈ ಸಿಕ್ಕಿದರೆ ತಾನೇ ಇಳಿಯುವ ಕಿಟಕಿಗಳು ಈ ಜಿಗುಟನ್ನೂ ಅಡ್ಡಿ ಎಂದು ತಿಳಿದು ವಾಪಸ್ ಇಳಿಯುತ್ತವೆ. ಒರೆಸಿದ ಮೇಲೂ ಹಾಗೇ ಮಾಡಿದರೆ ಅದಕ್ಕೆ ಮಿತಿಯನ್ನು ಹೊಸದಾಗಿ ಕಲಿಸಬೇಕು. ಬಹಳ ಕಾರುಗಳಲ್ಲಿ ಗಾಜು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಎಳೆದು ಹಿಡಿದರೆ ಆಗುತ್ತದೆ. ನಿಮ್ಮ ಕಾರಿನ ಕ್ರಮ ಮ್ಯಾನುಯಲ್‌ನಲ್ಲಿ ಇರುತ್ತದೆ.

ಸ್ವಿಚ್ಚು ಕೆಲಸ ಮಾಡುತ್ತಿಲ್ಲ, ಬಾಗಿಲಲ್ಲಿ ನೀರಿನ ಸದ್ದು

ಸೋಪಿನ ನೀರು ಇಳಿದಿದೆ. ಕೀ ತೆಗೆದುಬಿಡಿ, ಸ್ವಿಚ್ಚನ್ನು ಸುಮ್ನೆ ಒತ್ತಿ ಒತ್ತಿ ನೋಡಬೇಡಿ. ಪ್ಯಾನಲ್ ಎಬ್ಬಿಸಿ ಒಂದು ರಾತ್ರಿ ಒಣಗಲು ಬಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಜೋಡಿಸಿ. ಬಾಗಿಲು ಅಲುಗಾಡಿಸಿದಾಗ ಗುಳುಗುಳು ಅಂದರೆ ಕೆಳ ಅಂಚಿನ ನೀರು ಹೋಗುವ ತೂತುಗಳು ಮಣ್ಣು ಕಟ್ಟಿವೆ. ಕಡ್ಡಿಯಿಂದ ಬಿಡಿಸಿದರೆ ನೀರು ಹೋಗುತ್ತದೆ. ಮುಂದಿನ ಗಾಜು ತೊಳೆಯುವಾಗ ಡ್ಯಾಶ್‌ಬೋರ್ಡಿನ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳಿ, ಅಲ್ಲಿ ನೀರು ಇಳಿದರೆ ರಿಪೇರಿ ಇಷ್ಟು ಸುಲಭವಲ್ಲ.

ರೇಡಿಯೊ ಕರಕರ ಅನ್ನುತ್ತಿದೆ

ಲೋಹದ ಪೊರೆ ಇರುವ ಫಿಲ್ಮ್ ಸಿಗ್ನಲ್ಲಿಗೆ ಅಡ್ಡ ಬರುತ್ತದೆ. ಅದನ್ನು ಕಿತ್ತ ಮೇಲೆ ರೇಡಿಯೊ ಚೆನ್ನಾಗಬೇಕೇ ಹೊರತು ಕೆಡಬಾರದು. ಕೆಟ್ಟಿದ್ದರೆ ನಿಮ್ಮ ಕಾರಿನ ಆಂಟೆನಾ ಚಾವಣಿಯ ಮೇಲಿದೆಯಾ, ಗಾಜಿನಲ್ಲಿದೆಯಾ ನೋಡಿ. ಕೆಲವು ಕಾರುಗಳಲ್ಲಿ ಹಿಂದಿನ ಗಾಜಿನ ಮೇಲ್ಭಾಗದಲ್ಲೋ ಹಿಂಬದಿಯ ಸಣ್ಣ ಪಕ್ಕದ ಗಾಜಿನಲ್ಲೋ ಡಿಫಾಗರ್ ಗೆರೆಯಂಥದೇ ತೆಳು ಆಂಟೆನಾ ಗೆರೆ ಇರುತ್ತದೆ. ಮೊದಲು ಅದರ ಕನೆಕ್ಟರ್ ಸಡಿಲವಾಗಿದೆಯಾ ನೋಡಿ ಒತ್ತಿ ಕೂರಿಸಿ. ಅದು ಸರಿ ಇದ್ದರೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಕರೆಂಟ್ ದಾಟುತ್ತದೆಯೇ ಎಂದು ತೋರಿಸುವ ಸ್ಥಾನ) ಇಟ್ಟು ಗೆರೆ ಕಡಿದಿದೆಯಾ ನೋಡಿ. ಕಡಿದಿದ್ದರೆ ಅದಕ್ಕೂ ಅದೇ ಬೆಳ್ಳಿ ಪೇಂಟ್ ಆಗುತ್ತದೆ.